ಮೀನು ಸೈಕಲ್ಲಿಗೆ ನಾನು ಮಾಡಿದ ರಿಪೇರಿ

ಮೂವತ್ತೊಂದು ವರ್ಷದಿಂದ ಸೈಕಲ್ ಮಾರುತ್ತಿದ್ದೇನೆ. ಇಷ್ಟು ವರ್ಷಗಳಲ್ಲಿ ಸುಮಾರಾದ ಸೈಕಲ್ಲನ್ನು ಭಾರೀ ಸೈಕಲ್ಲೆಂದು ಮಾರಿದ್ದುಂಟು, ಹೋದ ವರ್ಷದ ಬಣ್ಣವನ್ನು ಈ ವರ್ಷದ ಬಣ್ಣವೆಂದು ಸಾಧಿಸಿದ್ದುಂಟು. ಅದಕ್ಕೆಲ್ಲ ನಾಚಿಕೆಪಟ್ಟವನಲ್ಲ. ಅದು ವ್ಯಾಪಾರ, ಕೊಳ್ಳುವವನಿಗೂ ಕಣ್ಣಿರುತ್ತದೆ. ನಾನು ತಲೆ ತಗ್ಗಿಸಬೇಕಾಗಿ ಬಂದದ್ದು ಒಂದು ಪುಕ್ಕಟೆ ಕೆಲಸಕ್ಕೆ. ಕೆಟ್ಟೇ ಇರದ ಒಂದು ಸೈಕಲ್ಲನ್ನು, ಯಾರೂ ಕೇಳದೆ, ನನ್ನ ಕೈಯಾರೆ ಸರಿ ಮಾಡಿಬಿಟ್ಟೆ.

ಆ ಸೈಕಲ್ಲು ಎದುರು ಮನೆಯ ಅಕ್ಕನದು. ಅಕ್ಕ ಎಂದು ಈಗ ಮರ್ಯಾದೆಯಾಗಿ ಬರೆಯುತ್ತಿದ್ದೇನೆ. ಆಗ ಬೀದಿಯಲ್ಲಿ ಆಕೆಗೆ ಓಡುತ್ತಿದ್ದ ಹೆಸರು ‘ಮೆರವಣಿಗೆ’. ಪಾದ ಮುಚ್ಚುವ ಉದ್ದ ಲಂಗ, ಹೆಗಲಿಗೆ ಬಟ್ಟೆ ತುಂಬಿದ ಚೀಲ. ಅತ್ತ ನೋಡದೆ ಇತ್ತ ನೋಡದೆ, ಒಂದೊಂದು ಹೆಜ್ಜೆಯನ್ನೂ ಅಳೆದು ತೂಗಿ ಇಡುತ್ತ ಆಕೆ ಬಂದಳೆಂದರೆ, ನಮ್ಮ ಕಿರಿದಾದ ಫುಟ್‌ಪಾತಿನ ಮೇಲೆ ಹಿಂದಿನವರೆಲ್ಲ ಸಾಲುಗಟ್ಟಬೇಕು. ಜಂಬ ಎಂದುಕೊಂಡಿದ್ದೆ ನಾನು. ಒಂದು ದಿನ, “ದಾರಿ ಬಿಡ್ರಪ್ಪಾ, ಮೆರವಣಿಗೆ ಬರ್ತಿದೆ” ಎಂದೆ. ಅಂಗಡಿ ಮುಂದಿನ ಬೆಂಚಿನಲ್ಲಿ ದಿನಾ ಕೂರುವ ಇಬ್ಬರು, ಪಕ್ಕದ ಕಟಿಂಗ್ ಶಾಪಿನವನು ಮತ್ತು ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಹೊಟ್ಟೆ ಹಿಡಿದುಕೊಂಡು ನಕ್ಕರು. ಒಂದು ಹೆಸರು ಅಂಟಲು ಇಬ್ಬರು ನಕ್ಕರೆ ಸಾಕು. ವಾರದೊಳಗೆ ಹಾಲಿನವನ ಬಾಯಲ್ಲೂ ಅದೇ.

ಆಕೆಯದು ರಫೂ ಕೆಲಸ. ಹರಿದ ಬಟ್ಟೆಯ ಒಳಮಡಿಕೆಯಿಂದಲೇ ಒಂದೊಂದು ಎಳೆ ಬಿಡಿಸಿ, ಆ ಎಳೆಯಿಂದಲೇ ತೂತನ್ನು ನೇಯ್ದು ಮುಚ್ಚುವುದು. ನನ್ನ ಉಣ್ಣೆಯ ಕೋಟಿನ ಎದೆಯ ಮೇಲೆ ಸಿಗರೇಟಿನ ಕಿಡಿ ಬಿದ್ದು ಕಾಳಿನಷ್ಟು ತೂತಾಗಿತ್ತು. ಆಕೆ ಸರಿ ಮಾಡಿ ತಂದುಕೊಟ್ಟಾಗ, ಬೇರಿಂಗ್ ನೋಡುವ ಭೂತಗನ್ನಡಿ ಹಿಡಿದು ಹುಡುಕಿದರೂ ಜಾಗ ಸಿಗಲಿಲ್ಲ.

“ಕೆಲಸ ಮಾಡಿದ್ದೇ ಕಾಣಿಸ್ತಿಲ್ವಲ್ಲ, ದುಡ್ಡು ಯಾತಕ್ಕೆ ಕೊಡ್ಲಿ?” ಎಂದೆ.

“ಕಾಣಿಸಿದ್ರೆ ಕೊಡಬೇಡಿ ಸಾಹುಕಾರ್ರೇ” ಎಂದಳು.

ಮುಚ್ಚುವುದರಲ್ಲಿ ಆಕೆಯ ಕೈ ಎಂಥದ್ದು ಎಂಬುದು ಅಂದೇ ನನಗೆ ತಿಳಿಯಬೇಕಿತ್ತು. ತಿಳಿದದ್ದು ಎಂಟು ವರ್ಷದ ಮೇಲೆ.

ಆಕೆಯ ತಮ್ಮ ವೆಲ್ಡಿಂಗ್ ಮಾಡುವವನು. ಗೇಟು, ಕಿಟಕಿಯ ಸರಳು, ನೀರಿನ ಟ್ಯಾಂಕಿನ ಸ್ಟ್ಯಾಂಡು. ಮೂರು ಹೊತ್ತೂ ಶೆಡ್ಡಿನಲ್ಲಿ ಕಿಡಿ ಹಾರಿಸುತ್ತ ಕೂರುವುದರಿಂದ ಅವನ ಹೆಸರೇ ‘ಕಿಡಿ’. (ಇದು ನಾನಿಟ್ಟದ್ದಲ್ಲ.) ಮಾತು ಕಡಿಮೆ, ಗಡ್ಡ ಜಾಸ್ತಿ. ಅಕ್ಕ ತಮ್ಮ ಇಬ್ಬರೇ ಮನೆಯಲ್ಲಿ.

ನಾನು ಹೇಳುವ ಘಟನೆಗೆ ಎರಡು ವರ್ಷ ಮೊದಲು ಕಿಡಿಗೆ ಇದ್ದಕ್ಕಿದ್ದ ಹಾಗೆ ಒಂದು ಹುಚ್ಚು ಹಿಡಿಯಿತು. ಮೊದಲು ಒಂದು ಫ್ರೇಮಿನ ಮೇಲೆ ಇನ್ನೊಂದು ಫ್ರೇಮು ಕೂರಿಸಿ, ಆಳುದ್ದದ ಸೈಕಲ್ ಮಾಡಿದ. ಹತ್ತಲು ಕಾಂಪೌಂಡ್ ಗೋಡೆ ಬೇಕು, ಇಳಿಯಲು ದೇವರ ದಯೆ ಬೇಕು. ಅದರ ಮೇಲೆ ಕೂತು ಬೀದಿಯುದ್ದಕ್ಕೂ ಎರಡನೇ ಮಹಡಿಯವರಿಗೆ ನಮಸ್ಕಾರ ಮಾಡಿಕೊಂಡು ಹೋಗುತ್ತಿದ್ದ. ಆಮೇಲೆ ಹ್ಯಾಂಡಲ್ಲಿನ ಬದಲು ಕಾರಿನ ಸ್ಟೀರಿಂಗ್ ಇದ್ದದ್ದು ಬಂತು. ಆಮೇಲೆ ಹನ್ನೊಂದು ಕನ್ನಡಿಯದು. ಅದು ಹಾದುಹೋದರೆ ಅಂಗಡಿ ಗೋಡೆಗಳ ಮೇಲೆಲ್ಲ ಬಿಸಿಲಿನ ತುಂಡುಗಳು ಓಡಾಡುತ್ತಿದ್ದವು, ಕಟಿಂಗ್ ಶಾಪಿನವನ ಕತ್ತರಿ ತಪ್ಪುತ್ತಿತ್ತು. ಆಮೇಲೆ ಒಂದು ಹಳೇ ಸೋಫಾ ಕುರ್ಚಿಗೆ ಮೂರು ಚಕ್ರ ಬಂದವು.

ನನ್ನ ಕಣ್ಣ ಮುಂದೆಯೇ, ಮೂವತ್ತು ಅಡಿ ದೂರದಲ್ಲಿ, ಸೈಕಲ್ಲುಗಳಿಗೆ ಈ ಗತಿ. ಸಾಲಾಗಿ ನಿಲ್ಲಿಸಿದ ನನ್ನ ಹೊಸ ಸೈಕಲ್ಲುಗಳನ್ನು ಬಿಟ್ಟು ಗಿರಾಕಿಗಳೆಲ್ಲ ಕತ್ತು ತಿರುಗಿಸಿ ಆ ಕಡೆ ನೋಡುತ್ತಿದ್ದರು. ಹೊಟ್ಟೆ ಉರಿಯದೆ ಇರುತ್ತದೆಯೇ?

“ಏನಪ್ಪಾ ಕಿಡಿ, ಸರ್ಕಸ್ಸು ಎಲ್ಲಿ ಬಿಡಾರ ಹೂಡಿದೆ?” ಎಂದು ಕೂಗುತ್ತಿದ್ದೆ.

“ನಿಮ್ಮ ಅಂಗಡಿ ಎದುರಿಗೇ ಸಾಹುಕಾರ್ರೇ. ಟಿಕೆಟ್ ಇಲ್ಲ, ನೋಡಿ” ಎನ್ನುತ್ತಿದ್ದ.

ಬೀದಿಗೆ ಅಭ್ಯಾಸವಾಯಿತು. ಆ ಮನೆಯ ಸೈಕಲ್ಲುಗಳೇ ಹಾಗೆ ಎಂದು ಜನ ನಕ್ಕು, ಒಪ್ಪಿಕೊಂಡು, ಕಾರಣ ಕೇಳುವುದನ್ನೇ ಬಿಟ್ಟರು. ಹೀಗಿರುವಾಗ ಒಂದು ಬೆಳಿಗ್ಗೆ ಶೆಡ್ಡಿನ ಬಾಗಿಲು ತೆರೆದು ಮೀನು ಹೊರಗೆ ಬಂತು. ಅದರ ಮೇಲೆ ಕೂತಿದ್ದವಳು ಅಕ್ಕ.

ಎಣ್ಣೆ ಡಬ್ಬದ ತಗಡನ್ನು ಕತ್ತರಿಸಿ ಮಾಡಿದ ಮುನ್ನೂರೋ ನಾನೂರೋ ಹೊಪ್ಪಳೆಗಳು ಸೈಕಲ್ಲಿನ ಮೈತುಂಬ, ಒಂದೊಂದಕ್ಕೂ ನೀಲಿ ಹಸಿರು ಬಣ್ಣ. ಮುಂದೆ ಎರಡು ಉಬ್ಬುಗಣ್ಣು, ಟಾರ್ಚಿನ ಗಾಜಿನವು. ಬಾಯಿ ಅಗಲವಾಗಿ ತೆರೆದಿತ್ತು. ಅದೇ ಬುಟ್ಟಿ, ರಫೂ ಬಟ್ಟೆಗಳೆಲ್ಲ ಅದರೊಳಗೆ. ಹಿಂದಿನ ಚಕ್ರ ತಿರುಗಿದಂತೆಲ್ಲ ತಗಡಿನ ಬಾಲ ಅತ್ತಿತ್ತ ಆಡುತ್ತಿತ್ತು. ಇಕ್ಕೆಲದಲ್ಲಿ ಎರಡು ದೊಡ್ಡ ಈಜುರೆಕ್ಕೆಗಳು ಇಳಿಬಿದ್ದಿದ್ದವು, ಪೆಡಲ್ಲುಗಳನ್ನು ಪೂರ್ತಿ ಮುಚ್ಚುವ ಹಾಗೆ.

“ಮೇಷ್ಟ್ರೇ, ಮೀನು ಕೋಟು ನುಂಗಿಬಿಡ್ತು ನೋಡಿ” ಎಂದೆ. ಬೆಂಚು ನಕ್ಕಿತು. ಅಕ್ಕನೂ ಅಂದು ನಕ್ಕಳು. ಎಂಟು ವರ್ಷದಲ್ಲಿ ಆಕೆಯ ಹಲ್ಲು ನೋಡಿದ್ದು ಅದೇ ಮೊದಲು. ಮೆರವಣಿಗೆಗೆ ವೇಗ ಬಂದಿತ್ತು. ಅರ್ಧ ದಿನ ಹಿಡಿಯುತ್ತಿದ್ದ ಸುತ್ತು ಒಂದು ಗಂಟೆಗೆ ಮುಗಿಯುತ್ತಿತ್ತು. ಹೊಳೆಯಾಚೆಯ ಬಡಾವಣೆಯಿಂದಲೂ ಕೆಲಸ ಬರತೊಡಗಿತು. ಬಸ್ಸಿನಲ್ಲಿದ್ದವರು ಕಿಟಕಿಯಿಂದ ಕೈಬೀಸಿದರೆ ತಿರುಗಿ ಕೈಬೀಸುತ್ತಿದ್ದಳು.

ನನಗೆ ಆಗ ಗೊತ್ತಿರದಿದ್ದ ಸಂಗತಿಯನ್ನು ನಿಮಗೆ ಈಗಲೇ ಹೇಳಿಬಿಡುತ್ತೇನೆ. ಆಕೆಯ ಒಂದು ಕಾಲು, ದಪ್ಪ ಅಟ್ಟೆಯ ಶೂ ಹಾಕಿದ ಮೇಲೂ, ಇನ್ನೊಂದಕ್ಕಿಂತ ಎರಡೂವರೆ ಇಂಚು ಗಿಡ್ಡ. ಶೂ ಮೇಲೆ ಉದ್ದ ಲಂಗ ಇಳಿಬಿಟ್ಟು, ಕುಂಟು ಕಾಣದ ಹಾಗೆ ಅಳೆದು ನಡೆಯುತ್ತಿದ್ದಳು. ಅದೇ ನನಗೆ ಜಂಬವಾಗಿ ಕಂಡದ್ದು. ನಾನು ಹೇಳುತ್ತಿರುವ ಘಟನೆಗೆ ಎರಡು ವರ್ಷ ಮೊದಲೇ ಮೂಳೆ ಡಾಕ್ಟರು, ಇನ್ನು ಹೀಗೆ ನಡೆದರೆ ಸೊಂಟದ ಕೀಲು ಸವೆದುಹೋಗುತ್ತದೆ, ಮನೆಯಲ್ಲಿ ಕೂತಿರಿ ಎಂದಿದ್ದರು. ಕೂತರೆ ಬೀದಿಬದಿಯ ಕೋಣೆ, ಒಂದು ಕಿಟಕಿ, ತಮ್ಮ ತಂದುಕೊಟ್ಟಷ್ಟು ಬಟ್ಟೆ. ಆ ಮೀನು ಓಡಿದರೆ ಆಕೆ ಹೊರಗೆ, ನಿಂತರೆ ಒಳಗೆ. ಅಷ್ಟೇ ಲೆಕ್ಕ.

ಇದನ್ನೆಲ್ಲ ಬರೆಯಬಹುದೇ ಎಂದು ನನ್ನ ಹೆಂಡತಿಯ ಮೂಲಕ ಆಕೆಯನ್ನು ಕೇಳಿಸಿದೆ. “ಬರ್ಕೊಳ್ಳಿ. ನಮ್ಮ ಬೀದಿಯೋರು ಓದೋರಲ್ಲ, ಓದೋರು ನಮ್ಮ ಬೀದಿಯೋರಲ್ಲ. ಆದರೆ ಯಾವ ಕಾಲು ಅಂತ ಮಾತ್ರ ಬರೀಬಾರದು” ಎಂದು ಉತ್ತರ ಬಂತು. ಆದ್ದರಿಂದ ಬರೆಯುವುದಿಲ್ಲ. ಸೈಕಲ್ಲಿನ ಎರಡು ಪೆಡಲ್ಲುಗಳಲ್ಲಿ ಒಂದರ ತಿರುಪು ಉಲ್ಟಾ ತಿರುಗುತ್ತದೆ ಎಂಬುದು ಈ ಕಸುಬಿನವರಿಗೆಲ್ಲ ಗೊತ್ತು. ಅಂದು ನಾನು ಸ್ಪ್ಯಾನರ್ ಯಾವ ಕಡೆಗೆ ತಿರುಗಿಸಿದೆ ಎಂದು ಕೇಳಬೇಡಿ, ಹೇಳಿದರೆ ಕಾಲನ್ನೂ ಹೇಳಿದಂತೆ.

ಅಂದು ಎಂದರೆ, ಮೀನು ಬೀದಿಗಿಳಿದ ಆರನೇ ತಿಂಗಳು. ಹಿಂದಿನ ಚಕ್ರ ಪಂಕ್ಚರಾಯಿತು. ಕಿಡಿ ದೂರದ ಯಾವುದೋ ಕಟ್ಟಡಕ್ಕೆ ಗೇಟು ಕೂರಿಸಲು ಹೋಗಿದ್ದ. ಅಕ್ಕ ಸೈಕಲ್ಲನ್ನು ತಳ್ಳಿಕೊಂಡು ನನ್ನ ಅಂಗಡಿಗೆ ಬಂದಳು.

“ಪಂಕ್ಚರ್ ಮಾತ್ರ ಹಾಕಿಡಿ ಸಾಹುಕಾರ್ರೇ. ನಾಲ್ಕು ಗಂಟೆಗೆ ಡಾಕ್ಟರ ಮನೆಗೆ ಕೋಟು ಮುಟ್ಟಿಸಬೇಕು. ನಿಮ್ಮ ಮನೆಯೊಳಗೆ ಕೂತು ಒಂದು ಗುಂಡಿ ಹೊಲಿದು ಬಂದ್ಬಿಡ್ತೀನಿ.”

ಪಂಕ್ಚರ್ ಮಾತ್ರ ಎಂದಿದ್ದಳು. ‘ಮಾತ್ರ’ ಎಂಬುದು ನನ್ನ ಕಿವಿಗೆ ಬೀಳಲಿಲ್ಲ.

ಚಕ್ರದ ನಟ್ಟಿಗೆ ಸ್ಪ್ಯಾನರ್ ಹಾಕಲು ಈಜುರೆಕ್ಕೆ ಅಡ್ಡ ಬಂತು, ಬಿಚ್ಚಿದೆ. ಒಳಗೆ ಕಂಡದ್ದನ್ನು ನೋಡಿ ನನ್ನ ಕೈ ನಿಂತಿತು. ಕ್ರ್ಯಾಂಕು ಎಂದರೆ ಪೆಡಲ್ಲನ್ನು ಹಿಡಿದಿರುವ ಕಬ್ಬಿಣದ ತೋಳು. ಎಲ್ಲ ಸೈಕಲ್ಲಿಗೂ ಎರಡು ಕಡೆ ಒಂದೇ ಅಳತೆ, ಆರೂವರೆ ಇಂಚು. ಇದರಲ್ಲಿ ಒಂದು ಆರೂವರೆ, ಇನ್ನೊಂದು ಐದು! ಕತ್ತರಿಸಿ, ಮತ್ತೆ ಬೆಸೆದು, ಅರ ಹಾಕಿ ನಯ ಮಾಡಿದ್ದ. ಆ ಗಿಡ್ಡ ತೋಳಿನ ಪೆಡಲ್ಲಿಗೆ ಇಂಚು ದಪ್ಪದ ಮರದ ತುಂಡು ಬಿಗಿದು, ಮೇಲೆ ರಬ್ಬರ್ ಹೊದಿಸಿದ್ದ.

ಟೈರಿನ ಸವೆತ ನೋಡಿ ಓಡಿಸುವವನ ಗುಣ ಹೇಳುತ್ತೇನೆ ಎಂದು ಊರೆಲ್ಲ ಕೊಚ್ಚಿಕೊಂಡವನು ನಾನು. ಬ್ರೇಕಿನ ರಬ್ಬರ್ ನೋಡಿ ಅಂಜುಬುರುಕರನ್ನು ಗುರುತಿಸಿದ್ದೇನೆ, ಸೀಟಿನ ಬಾಗು ನೋಡಿ ಸೋಮಾರಿಗಳನ್ನು ಹಿಡಿದಿದ್ದೇನೆ. ಅಂಥವನಿಗೆ, ಬೇಕೆಂದೇ ಇಷ್ಟು ನಯವಾಗಿ ಮಾಡಿದ ಕೆಲಸವನ್ನು ಕಣ್ಣಾರೆ ಕಂಡೂ ಒಂದು ಪ್ರಶ್ನೆ ಹುಟ್ಟಲಿಲ್ಲ. ಹುಟ್ಟಿದ್ದು ಖುಷಿ. ಎರಡು ವರ್ಷ ನನ್ನ ಗಿರಾಕಿಗಳ ಕಣ್ಣು ಕದ್ದವನು ಸಿಕ್ಕಿಬಿದ್ದ ಎಂಬ ಖುಷಿ.

“ಬನ್ನಿ ಬನ್ನಿ, ನೋಡಿ ಇಲ್ಲಿ” ಎಂದು ಬೆಂಚನ್ನು ಕರೆದೆ. “ಮೇಲೆ ನಾನೂರು ಹೊಪ್ಪಳೆ, ಕೆಳಗೆ ಎರಡು ಕ್ರ್ಯಾಂಕು ಸಮ ಮಾಡೋಕೆ ಬರಲಿಲ್ಲ ಮಹಾರಾಯನಿಗೆ!”

“ಕಬ್ಬಿಣ ಕಡಿಮೆ ಬಿದ್ದಿರಬೇಕು, ಬಾಲಕ್ಕೆ ಹಾಕ್ಬಿಟ್ಟಿದಾನೆ” ಎಂದ ಕಟಿಂಗ್ ಶಾಪಿನವನು.

“ಮರದ ತುಂಡು ಬೇರೆ. ಸೌದೆ ಒಲೆ ಸೈಕಲ್ಲೇನೋ” ಎಂದರು ಮೇಷ್ಟ್ರು.

ನಾನು ಸುತ್ತಿಗೆ ತೆಗೆದುಕೊಂಡು, ಕ್ರ್ಯಾಂಕನ್ನು ಕಚ್ಚಿ ಹಿಡಿಯುವ ಕಾಟರ್ ಪಿನ್ನನ್ನು ಹೊಡೆದು ತೆಗೆದೆ. ಹೊಸ ಡಬ್ಬಿಯಿಂದ ಆರೂವರೆ ಇಂಚಿನ ಕ್ರ್ಯಾಂಕು, ಹೊಸ ಪೆಡಲ್ಲು. ಎಣ್ಣೆಯನ್ನೂ ಬಿಟ್ಟೆ. ಅಕ್ಕ ಬರುವ ಹೊತ್ತಿಗೆ ಈಜುರೆಕ್ಕೆಯನ್ನು ಬದಿಗಿಟ್ಟು, ಹೊಳೆಯುವ ಹೊಸ ಪೆಡಲ್ಲನ್ನು ಬೀದಿಗೆ ಕಾಣುವ ಹಾಗೆ ತಿರುಗಿಸಿ ನಿಲ್ಲಿಸಿದ್ದೆ.

“ನೋಡಿ ಅಕ್ಕ, ನಿಮ್ಮ ತಮ್ಮನ ತಪ್ಪನ್ನ ತಿದ್ದಿದೀನಿ. ಒಂದು ಗಿಡ್ಡ ಒಂದು ಉದ್ದ ಇಟ್ಕೊಂಡು ಆರು ತಿಂಗಳು ಹೇಗೆ ತುಳಿದ್ರೋ! ದುಡ್ಡು ಬೇಡ, ಇದು ನನ್ನ ಕಡೆಯಿಂದ” ಎಂದೆ. ಜೋರಾಗಿಯೇ ಎಂದೆ. ಪುಕ್ಕಟೆ ಕೊಡುವಾಗ ನಾಲ್ಕು ಜನಕ್ಕೆ ಕೇಳಿಸದಿದ್ದರೆ ಹೇಗೆ?

ಆಕೆ ಪೆಡಲ್ಲು ನೋಡಿದಳು. ನನ್ನನ್ನು ನೋಡಿದಳು. ಬೆಂಚನ್ನು ನೋಡಿದಳು.

“ಹಳೇದು ಎಲ್ಲಿ?”

“ಯಾಕಕ್ಕ? ಮ್ಯೂಸಿಯಮ್ಮಿಗೆ ಕಳಿಸೋಣ ಅಂತಿದೀನಿ.”

ಬೆಂಚು ನಕ್ಕಿತು. ಆಕೆ ಕೋಟನ್ನು ಮೀನಿನ ಬಾಯಲ್ಲಿಟ್ಟಳು.

ಸೈಕಲ್ಲನ್ನು ತಳ್ಳಿಕೊಂಡು ಎದುರಿನ ಮನೆಗೆ ಹೋಗಬಹುದಿತ್ತು. ಹೋಗಿದ್ದರೆ ನಾನು ‘ಯಾಕಕ್ಕ, ಹತ್ತಲ್ವಾ?’ ಎಂದು ಕೇಳುತ್ತಿದ್ದೆ. ನಾನು ಕೇಳುವವನು ಎಂದು ಆಕೆಗೆ ಗೊತ್ತಿತ್ತು. ಆ ಒಂದು ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಆಕೆ ಹತ್ತಿದಳು.

ಮೊದಲ ಎರಡು ಸುತ್ತು ಒಂದೇ ಕಾಲಿನ ಬಲದಲ್ಲಿ ಹೋಯಿತು. ಇನ್ನೊಂದು ಕಾಲು ಕೆಳಗಿಳಿದಾಗಲೆಲ್ಲ ಪೆಡಲ್ಲನ್ನು ಹುಡುಕುತ್ತಿತ್ತು. ಆಕೆಯ ಇಡೀ ಮೈ ಆ ಕಡೆಗೆ ವಾಲಿ ಮತ್ತೆ ನೆಟ್ಟಗಾಗುತ್ತಿತ್ತು. “ಹೊಸದಲ್ವಾ, ಅಭ್ಯಾಸ ಆಗಬೇಕು” ಎಂದೆ ನಾನು. ಬಸ್ ಸ್ಟಾಪಿನ ತಿರುವಿನಲ್ಲಿ ಕಾಲು ಜಾರಿತು. ಪೆಡಲ್ಲು ತಿರುಗಿ ಬಂದು ಮೊಣಕಾಲ ಕೆಳಗೆ ಹೊಡೆಯಿತು. ಮೀನು ಮಗುಚಿಕೊಂಡಿತು, ತಗಡೆಲ್ಲ ರಸ್ತೆಗೆ ಉಜ್ಜಿ ಕಿರ್ರೆಂದಿತು.

ಮೊದಲು ಓಡಿ ಮುಟ್ಟಿದವನು ನಾನೇ. ಲಂಗ ಪಕ್ಕಕ್ಕೆ ಸರಿದಿತ್ತು. ಒಂದು ಶೂ ಕಳಚಿ ಬಿದ್ದಿತ್ತು. ಎತ್ತಿಕೊಂಡೆ. ಭಾರವಾಗಿತ್ತು. ಅಟ್ಟೆಯ ದಪ್ಪ ನೋಡಿದೆ. ಮನಸ್ಸು ತನ್ನಷ್ಟಕ್ಕೆ ಅಳತೆ ಹಾಕಿತು. ಕ್ರ್ಯಾಂಕಿನಲ್ಲಿ ಒಂದೂವರೆ ಇಂಚು, ಮರದ ತುಂಡು ಒಂದು ಇಂಚು. ಕೂಡಿದರೆ, ಈ ಅಟ್ಟೆಗೂ ಸಾಲದೆ ಉಳಿದದ್ದು ಅಷ್ಟೇ.

“ಕೊಡಿ” ಎಂದಳು, ನನಗೆ ಮಾತ್ರ ಕೇಳುವಷ್ಟು. ಕೊಟ್ಟೆ. ಲಂಗದ ಮರೆಯಲ್ಲಿ ಅದನ್ನು ಹಾಕಿಕೊಂಡಳು, ಆಮೇಲೆ ಕೋಟಿಗೆ ಕೈಚಾಚಿ ಧೂಳು ಕೊಡವಿದಳು. ಅಷ್ಟರಲ್ಲಿ ಜನ ಸೇರಿದರು. ಅವರೆಲ್ಲ ನೋಡುತ್ತಿದ್ದದ್ದು ಮೀನನ್ನು. ಒಬ್ಬ ಕಿತ್ತುಬಂದ ಹೊಪ್ಪಳೆ ಹೆಕ್ಕುತ್ತಿದ್ದ, ಒಬ್ಬ ಒಡೆದ ಕಣ್ಣನ್ನು ಹಿಡಿದುಕೊಂಡಿದ್ದ.

“ಇಂಥ ಸರ್ಕಸ್ ಸೈಕಲ್ಲಲ್ಲಿ ಬೀಳದೆ ಇನ್ನೇನು! ಆ ಕಿಡಿಗೆ ಬುದ್ಧಿ ಬೇಡ್ವಾ?” ಎಂದರು ಮೇಷ್ಟ್ರು. ಅಲ್ಲಿದ್ದವರೆಲ್ಲ ತಲೆಯಾಡಿಸಿದರು. ನಾನೂ ಆಡಿಸಿದೆ. ಇದನ್ನು ಬರೆಯಲು ಕೈ ಬರುವುದಿಲ್ಲ. ಆದರೆ ಆಡಿಸಿದೆ.

ಮಧ್ಯಾಹ್ನದ ಊಟ ತಡವಾಗಿತ್ತು. ಅಡುಗೆಮನೆಯಲ್ಲಿ ಹೆಂಡತಿಯ ಕಿವಿಯ ಹತ್ತಿರ ಬಾಗಿ, “ಎದುರು ಮನೆ ಅಕ್ಕನಿಗೆ ಒಂದು ಕಾಲು ಗಿಡ್ಡ ಕಣೇ” ಎಂದೆ.

“ಎರಡೂವರೆ ಇಂಚು, ಶೂ ಹಾಕಿದ ಮೇಲೂ” ಎಂದಳು, ತಟ್ಟೆ ಒರೆಸುತ್ತ.

“ನಿನಗೆ ಗೊತ್ತಿತ್ತಾ?”

“ಎಂಟು ವರ್ಷದಿಂದ ನಮ್ಮ ಮನೇಲಿ ಶೂ ಬಿಚ್ಚಿ ಕೂತ್ಕೊಂಡು ಹೊಲೀತಿದಾರೆ. ಗೊತ್ತಾಗದೆ ಇರೋಕೆ ನಾನೇನು ನೀವಾ?”

“ಮತ್ತೆ ನನಗ್ಯಾಕೆ ಹೇಳಲಿಲ್ಲ?”

“ನಿಮಗೆ ಹೇಳೋದೂ ಒಂದೇ, ಬಸ್ಸಿನ ಮೇಲೆ ಬರೆಸೋದೂ ಒಂದೇ. ಯಾರಿಗೂ ಹೇಳಬೇಡಿ ಅಂತ ಅವರು ಕೇಳ್ಕೊಂಡಿರಲಿಲ್ಲ. ನಿಮಗೆ ಹೇಳಬೇಡಿ ಅಂತ ಕೇಳ್ಕೊಂಡಿದ್ರು.”

ಈ ಬೀದಿಯ ಅರ್ಧ ಮನೆಗಳ ಹೆಂಗಸರಿಗೆ ಗೊತ್ತಿದ್ದು, ಅವರೆಲ್ಲ ಸೇರಿ ಬಾಗಿಲು ಹಾಕಿಕೊಂಡು ಕಾದದ್ದು ಒಬ್ಬನಿಂದ.

ಮೂರು ವಾರ ಮೀನು ಹೊರಗೆ ಬರಲಿಲ್ಲ. ಪೆಟ್ಟು ಎರಡನೇ ವಾರಕ್ಕೇ ವಾಸಿಯಾಗಿತ್ತು. ಅದನ್ನೂ ಹೆಂಡತಿಯೇ ಹೇಳಿದಳು. ಕಿಡಿ ತಗಡನ್ನೆಲ್ಲ ನೇರ ಮಾಡಿ, ಬಣ್ಣ ಹೊಡೆದು, ಶೆಡ್ಡಿನ ಬಾಗಿಲಲ್ಲಿ ನಿಲ್ಲಿಸಿದ್ದ. ಅಕ್ಕ ಆ ಕೋಣೆಯ ಕಿಟಕಿಯ ಪಕ್ಕ ಕೂತಿರುತ್ತಿದ್ದಳು. ಡಾಕ್ಟರು ಹೇಳಿದ್ದ ಜಾಗಕ್ಕೇ ಕೊನೆಗೂ ಬಂದಳು, ನನ್ನ ದಯೆಯಿಂದ. ಐದಿಂಚಿನ ಕ್ರ್ಯಾಂಕು ಮರದ ತುಂಡಿನ ಪೆಡಲ್ಲಿನ ಸಮೇತ ನನ್ನ ಗಲ್ಲಾಪೆಟ್ಟಿಗೆಯಲ್ಲಿತ್ತು. ಚಿಲ್ಲರೆ ತೆಗೆಯುವಾಗಲೆಲ್ಲ ಕೈಗೆ ತಗಲುತ್ತಿತ್ತು. ಮೂವತ್ತು ಅಡಿ ದಾಟಿ ಕೊಟ್ಟುಬರಲು ಇಪ್ಪತ್ತೆರಡು ದಿನ ಹಿಡಿಯಿತು.

ಕಡೆಗೆ ಒಂದು ಬೆಳಿಗ್ಗೆ ಅದನ್ನು ಕಾಗದದಲ್ಲಿ ಸುತ್ತಿಕೊಂಡು ಹೋದೆ. ಕಿಡಿ ಕಪ್ಪು ಗಾಜಿನ ಮುಖವಾಡ ಮೇಲೆತ್ತಿ, “ಕೂತ್ಕೊಳ್ಳಿ ಸಾಹುಕಾರ್ರೇ” ಎಂದು ಒಂದು ಸ್ಟೂಲು ತಳ್ಳಿದ. ಪೊಟ್ಟಣ ಬಿಚ್ಚಿ ಮುಂದಿಟ್ಟೆ. ಅವನು ಮುಟ್ಟಲೂ ಇಲ್ಲ.

“ಇದನ್ನ ಇನ್ನೊಂದು ಮಾಡೋಕೆ ನನಗೆ ಹತ್ತು ನಿಮಿಷ ಸಾಕು. ಮಾಡಿ ಹಾಕಿದ್ದೂ ಆಯ್ತು, ಅಕ್ಕನೇ ಬಿಚ್ಚಿಸಿದಳು. ನಿಮ್ಮ ಹೊಸದೇ ಇರಲಿ ಅಂತ.”

“ಯಾಕಪ್ಪಾ?”

“ಹತ್ತೋದಿಲ್ಲ ಅಂದ್ಮೇಲೆ ಯಾವುದಿದ್ರೇನು?” ಅವನು ಗಡ್ಡ ಕೆರೆದುಕೊಂಡ. ಆ ಮನುಷ್ಯ ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. “ಎರಡು ವರ್ಷ ಹುಚ್ಚನ ಹಾಗೆ ಓಡಾಡಿದೆ ಸಾಹುಕಾರ್ರೇ. ಎತ್ತರದ್ದು, ಕನ್ನಡೀದು, ಸೋಫಾದ್ದು. ನನಗೇನು ಅದರ ಮೇಲೆ ಆಸೆಯಾ? ಎರಡು ಸಲ ಬಿದ್ದಿದೀನಿ. ಮೊದಲೇ ಅವಳಿಗೊಂದು ಬೇರೆ ಥರ ಸೈಕಲ್ ಮಾಡಿಕೊಟ್ಟಿದ್ರೆ, ಯಾಕೆ ಹೀಗೆ ಅಂತ ನೀವು ಬಗ್ಗಿ ನೋಡ್ತಿದ್ರಿ. ಈ ಮನೆಯೋರೇ ಹೀಗೆ ಅಂತ ಬೀದಿಗೆ ಅಭ್ಯಾಸ ಆಗಲಿ, ಜನ ಮೀನು ನೋಡ್ತಾ ಇರಲಿ, ಕಾಲು ಯಾರೂ ನೋಡೋದು ಬೇಡ ಅಂತ…”

ಒಳಗಿನಿಂದ ಅಕ್ಕನ ದನಿ ಬಂತು. “ಅವರನ್ನ ಒಳಗೆ ಕಳಿಸು.”

ಕಿಟಕಿಯ ಪಕ್ಕ, ತೊಡೆಯ ಮೇಲೆ ಯಾರದೋ ಶಾಲು ಹರಡಿಕೊಂಡು ಕೂತಿದ್ದಳು. ಸೂಜಿ ನಿಲ್ಲಲಿಲ್ಲ. ಕಿಟಕಿಯಿಂದ ನನ್ನ ಅಂಗಡಿ ಸ್ಪಷ್ಟವಾಗಿ ಕಾಣುತ್ತಿತ್ತು. ಬೆಂಚಿನಲ್ಲಿ ಕಟಿಂಗ್ ಶಾಪಿನವನು ಆಕಳಿಸಿದ್ದೂ ಕೇಳಿಸಿತು.

“ಮೂರು ವಾರದಿಂದ ಕಾಯ್ತಿದೀನಿ ಸಾಹುಕಾರ್ರೇ. ಹೊಸ ಹೆಸರು ಏನಿಟ್ರಿ ಅಂತ.”

“ಅಯ್ಯೋ ಅಕ್ಕ, ನಾನ್ಯಾಕೆ…”

“ಹಳೇದನ್ನ ಇಟ್ಟೋರು ನೀವೇ ಅಲ್ವಾ? ದಾರಿ ಬಿಡ್ರಪ್ಪಾ ಅಂದಿದ್ದು ನನಗೂ ಕೇಳಿಸಿತ್ತು. ನಿಮ್ಮ ಗಂಟಲು ಸಣ್ಣದಲ್ಲ.”

ನೆಲ ಬಾಯಿಬಿಟ್ಟರೆ ಇಳಿದುಹೋಗೋಣ ಎನ್ನಿಸಿತು. ನೆಲಕ್ಕೆ ಸಿಮೆಂಟು ಹಾಕಿದ್ದರು. ನಿಜ ಹೇಳಿಬಿಡುತ್ತೇನೆ: ಶೂ ಕೈಯಲ್ಲಿ ಹಿಡಿದು ನಿಂತಿದ್ದ ಆ ಗಳಿಗೆಯಲ್ಲೇ ಒಂದು ಹೊಸ ಹೆಸರು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಚೆನ್ನಾಗಿಯೂ ಇತ್ತು. ಹೇಳಿದ್ದರೆ ಬೆಂಚು ವಾರಗಟ್ಟಲೆ ನಗುತ್ತಿತ್ತು. ಹೇಳಿರಲಿಲ್ಲ, ಆದರೆ ಬಂದಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ.

“ಯಾರಿಗೂ ಹೇಳಿಲ್ಲ ಅಕ್ಕ. ಹೇಳೋದೂ ಇಲ್ಲ.”

“ಇವತ್ತು ಹೇಳಿಲ್ಲ. ನಾಳೆ ವ್ಯಾಪಾರ ಇಲ್ಲದ ಹೊತ್ತಲ್ಲಿ, ಬೆಂಚಿನಲ್ಲಿ ನಗು ಕಡಿಮೆ ಆದಾಗ? ನಾನು ನಿಮ್ಮ ಅಂಗಡಿ ಮುಂದೇನೇ ದಿನಾ ಹೋಗಬೇಕು. ಇವತ್ತು ಹೇಳ್ತಾರಾ, ನಾಳೆ ಹೇಳ್ತಾರಾ ಅಂತ ಕಾಯ್ತಾ ತುಳಿಯೋಕೆ ನನ್ನ ಕೈಲಿ ಆಗಲ್ಲ. ಅದಕ್ಕಿಂತ ಇಲ್ಲೇ ವಾಸಿ.”

ಆಕೆ ಹಲ್ಲಿನಿಂದ ದಾರ ಕತ್ತರಿಸಿದಳು.

“ಒಂದು ಕೆಲಸ ಮಾಡಿ. ಎಲ್ಲಿ ಬಿಚ್ಚಿದ್ರೋ ಅಲ್ಲೇ ಅದನ್ನ ಹಾಕಿ. ಬೆಂಚಿನೋರು ಕೂತಿರೋವಾಗಲೇ. ಆದರೆ ತುಟಿ ಎರಡು ಮಾಡಬಾರದು. ಕಾರಣ ಹೇಳಬಾರದು, ಸುಳ್ಳು ಕಾರಣಾನೂ ಹೇಳಬಾರದು, ನಗಿಸಬಾರದು. ನಾನು ಇಲ್ಲಿಂದ ನೋಡ್ತಿರ್ತೀನಿ.”

“ಅವರು ಕೇಳ್ತಾರಲ್ಲ ಅಕ್ಕ?”

“ಕೇಳ್ತಾರೆ” ಎಂದಳು.

ಅಂದು ಹತ್ತು ಗಂಟೆಗೆ, ಬಿಸಿಲು ಅಂಗಡಿಯ ಮೆಟ್ಟಿಲಿಗೆ ಬಂದಿರುವಾಗ, ಮೀನನ್ನು ತಳ್ಳಿಕೊಂಡು ಬಂದು ನಿಲ್ಲಿಸಿದೆ. ನನ್ನ ಹೊಸ ಕ್ರ್ಯಾಂಕಿನ ಕಾಟರ್ ಪಿನ್ನನ್ನು ಹೊಡೆದು ತೆಗೆದೆ. ಮಂಡಿಯೂರಿ ಕೂತು ಐದಿಂಚಿನದನ್ನು ಕೈಗೆತ್ತಿಕೊಂಡೆ.

“ಏನ್ ಸಾಹುಕಾರ್ರೇ ಇದು, ಹೊಸದನ್ನ ಕಿತ್ತು ಹಳೇದನ್ನ ಹಾಕ್ತಿದೀರಿ?” ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು.

ಬಾಯಿ ತೆರೆಯುತ್ತದೆ ಎಂದು ಹೆದರಿ, ಕಾಟರಿನ ನಟ್ಟನ್ನು ತುಟಿಗಳ ನಡುವೆ ಕಚ್ಚಿ ಹಿಡಿದುಕೊಂಡೆ.

“ಮೂಗನ ವ್ರತಾನಾ? ಅಲ್ಲಾ, ಪುಕ್ಕಟೆ ಅಂತ ಊರಿಗೆಲ್ಲ ಕೂಗಿ ಹೇಳಿದ್ರಲ್ಲ?” ಎಂದ ಕಟಿಂಗ್ ಶಾಪಿನವನು. ಆಮೇಲೆ ಅವನಿಗೇ ಹೊಳೆಯಿತು. “ಓಹೋ! ಗೊತ್ತಾಯ್ತು ಮೇಷ್ಟ್ರೇ. ಕೊಟ್ಟ ಮೇಲೆ ಹೊಟ್ಟೆ ಉರಿದು ನಿದ್ದೆ ಬಂದಿಲ್ಲ. ವಾಪಸ್ ಕಿತ್ಕೊಳ್ತಿದಾರೆ!”

“ಛೆ ಛೆ. ಬಿದ್ದು ಎದ್ದ ಹೆಂಗಸಿನ ಸೈಕಲ್ಲಿಂದ?”

“ಅಲ್ಲ ಅಂತ ಹೇಳಲಿ ನೋಡೋಣ!”

ಅಲ್ಲ ಎಂದು ಹೇಳಲು ಮೈಯೆಲ್ಲ ಬಾಯಾಗಿತ್ತು. ಒಂದು ಮಾತು ಸಾಕಿತ್ತು, ಆ ಒಂದು ಮಾತಿಗೆ ನೂರು ಮಾತು ಅಂಟಿಕೊಂಡು ಬರುತ್ತಿದ್ದವು. ನಟ್ಟನ್ನು ಇನ್ನೂ ಗಟ್ಟಿಯಾಗಿ ಕಚ್ಚಿದೆ. ಕಬ್ಬಿಣದ ಜೊತೆ ಬೆವರಿನ ರುಚಿ ಬಂತು. ಅಷ್ಟರಲ್ಲಿ ಅಪ್ಪ ಮಗಳು ಇಬ್ಬರು ಹೊಸ ಸೈಕಲ್ ನೋಡಲು ಬಂದವರು ಮೆಟ್ಟಿಲ ಹತ್ತಿರ ನಿಂತರು. ಮಗಳು “ಅಪ್ಪಾ, ಇವರು ಒಂದು ಗಿಡ್ಡ ಒಂದು ಉದ್ದ ಹಾಕ್ತಿದಾರೆ ನೋಡು” ಎಂದಳು. ಅಪ್ಪ ನನ್ನನ್ನು ಮೇಲಿಂದ ಕೆಳಕ್ಕೆ ನೋಡಿ, ಮಗಳ ಕೈ ಹಿಡಿದು, ಕೆಳಗಿನ ಬೀದಿಯ ಅಂಗಡಿಯ ಕಡೆಗೆ ನಡೆದುಬಿಟ್ಟ. ಮೂವತ್ತೊಂದು ವರ್ಷದಲ್ಲಿ ಕೆಲಸ ಗೊತ್ತಿಲ್ಲದವನು ಎಂದು ನನ್ನನ್ನು ಬಿಟ್ಟುಹೋದ ಗಿರಾಕಿ ಅವನೊಬ್ಬನೇ.

ಕಾಟರ್ ಹೊಡೆದು ಕೂರಿಸಿದೆ. ನಟ್ಟನ್ನು ಬಾಯಿಂದ ತೆಗೆದು ಬಿಗಿದೆ. ಈಜುರೆಕ್ಕೆಯನ್ನು ಮೊದಲಿನಂತೆ ಇಳಿಬಿಟ್ಟು, ಒಳಗಿನದು ಎಲ್ಲಿಂದಲೂ ಕಾಣುವುದಿಲ್ಲವೆಂದು ಮೂರು ಕಡೆಯಿಂದ ಬಗ್ಗಿ ನೋಡಿದೆ. ಬೆಂಚಿನ ಕಡೆಗೆ ತಿರುಗದೆ ಸೈಕಲ್ಲನ್ನು ಶೆಡ್ಡಿಗೆ ತಳ್ಳಿಕೊಂಡು ಹೋದೆ. ಹಿಂದೆ ಕಟಿಂಗ್ ಶಾಪಿನವನ ದನಿ ಕೇಳಿಸಿತು: “ಉಲ್ಟಾ ರಿಪೇರಿ!” ಬೆಂಚು ನಕ್ಕಿತು. ಇಬ್ಬರೇ ಇದ್ದರು. ಸಾಕು. ಇಂದಿಗೂ ಯಾವ ಮನೆಯ ಗುರುತು ಕೇಳಿದರೂ ಬೀದಿಯವರು ‘ಉಲ್ಟಾ ರಿಪೇರಿ ಎದುರಿಗೆ’, ‘ಉಲ್ಟಾ ರಿಪೇರಿ ಪಕ್ಕಕ್ಕೆ’ ಎನ್ನುತ್ತಾರೆ. ಹೊಸ ಬೋರ್ಡು ಬರೆಸಿದ್ದು ದಂಡವಾಯಿತು.

ಮಾರನೆಯ ದಿನ ಮೀನು ಬೀದಿಗೆ ಬಂತು. ಹೊಸ ಟಾರ್ಚುಗಣ್ಣು, ಬಾಯಲ್ಲಿ ಎರಡು ಕೋಟು. ಬಸ್ಸಿನವರು ಕೈಬೀಸಿದರು, ಆಕೆಯೂ ಬೀಸಿದಳು.

ಈಗ ನಾಲ್ಕು ವರ್ಷವಾಯಿತು. ಆಕೆ ದಿನಾ ಎರಡು ಸಲ ನನ್ನ ಅಂಗಡಿಯ ಮುಂದೆ ಹಾದುಹೋಗುತ್ತಾಳೆ. ನಾನು ಯಾರಿಗೂ ಹೇಳಲಿಲ್ಲ. ಅಷ್ಟರಮಟ್ಟಿಗೆ ಆಕೆ ಕೊಟ್ಟ ಪರೀಕ್ಷೆಯಲ್ಲಿ ಪಾಸಾದೆ. ಆದರೆ ಇಡೀ ಬೀದಿ ಮೀನನ್ನು ನೋಡುವಾಗ, ಈಜುರೆಕ್ಕೆಯ ಕೆಳಗೆ ಆ ಪಾದ ಇಳಿದು ಏರುವುದನ್ನು ನೋಡುವವನು ಒಬ್ಬನಿದ್ದಾನೆ. ನೋಡಬಾರದೆಂದು ಪಂಕ್ಚರ್ ನೀರಿನ ತೊಟ್ಟಿಯೊಳಗೆ ಮುಖ ಬಗ್ಗಿಸಿ ಕೂತರೂ ಕಣ್ಣು ಅಲ್ಲಿಗೇ ಹೋಗುತ್ತದೆ. ಕಸುಬಿನ ಕಣ್ಣು, ಬಿಡಿಸಲು ಬರುವುದಿಲ್ಲ. ಇದು ಆಕೆಗೂ ಗೊತ್ತು.

ಅದಕ್ಕೇ ಇರಬೇಕು, ತನ್ನ ಗೇಟಿನಿಂದ ಜೋರಾಗಿ ತುಳಿದುಕೊಂಡು ಹೊರಡುವ ಆಕೆ ನನ್ನ ಅಂಗಡಿ ಹತ್ತಿರ ಬಂದ ಕೂಡಲೇ ಪೆಡಲ್ ತುಳಿಯುವುದನ್ನು ನಿಲ್ಲಿಸುತ್ತಾಳೆ. ಎರಡು ಕಾಲೂ ಅಲುಗದೆ, ಬಂದ ವೇಗದಲ್ಲೇ ತೇಲಿಕೊಂಡು ಹೋಗುತ್ತಾಳೆ. “ಏನ್ ಸಾಹುಕಾರ್ರೇ, ಚೆನ್ನಾಗಿದೀರಾ?” ಎನ್ನುತ್ತಾಳೆ. “ಹೂಂ ಅಕ್ಕ” ಎನ್ನುತ್ತೇನೆ, ಕೈಯಲ್ಲಿರುವ ಟ್ಯೂಬಿಗೆ. ಹಿಂದಿನ ಚಕ್ರದ ಫ್ರೀವೀಲು ಟಿಕ್ ಟಿಕ್ ಟಿಕ್ ಎನ್ನುತ್ತ ನನ್ನ ಬಾಗಿಲು ದಾಟಿ, ಬೆಂಚು ದಾಟಿ, ಕಟಿಂಗ್ ಶಾಪಿನ ಕನ್ನಡಿ ದಾಟುವವರೆಗೂ ಕೇಳಿಸುತ್ತದೆ. ಅಲ್ಲಿ ಆ ಸದ್ದು ನಿಲ್ಲುತ್ತದೆ. ಅಂದರೆ, ಆಕೆ ಮತ್ತೆ ತುಳಿಯತೊಡಗಿದಳು ಎಂದು ಅರ್ಥ.